ಮೂಲ ಕೇಳುವ ಮಕ್ಕಳು

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಒಂದು ಕಾನೂನಿಗೆ ಉದ್ದನೆಯ ಸರ್ಕಾರಿ ಹೆಸರಿದೆ. ಜನ ಮಾತ್ರ ಅದನ್ನು ತೀರಿಕೊಂಡ ಹೆಣ್ಣುಮಗಳೊಬ್ಬಳ ಹೆಸರಿನಿಂದ ಕರೆಯುತ್ತಾರೆ: ನರೆಲ್ ಕಾನೂನು. ನರೆಲ್ ಗ್ರೆಕ್‌ಗೆ 15 ವರ್ಷವಾಗಿದ್ದಾಗ ಅಪ್ಪ ಅಮ್ಮ ಗುಟ್ಟೊಂದನ್ನು ಬಿಚ್ಚಿದರು. ಆಕೆ ಹುಟ್ಟಿದ್ದು ದಾನಿಯೊಬ್ಬನ ವೀರ್ಯದಿಂದ. ಆತ ಯಾರೆಂದು ಆಕೆ ಕೇಳತೊಡಗಿದಳು. ಹೆಸರು ಕಡತದಲ್ಲಿತ್ತು, ಕೊಡುವಂತಿರಲಿಲ್ಲ. ವರ್ಷಗಳು ಉರುಳಿದವು. 2011ರಲ್ಲಿ ಆಕೆಗೆ ಕರುಳಿನ ಕ್ಯಾನ್ಸರ್ ಇರುವುದು ತಿಳಿಯಿತು, ಅದೂ ಬಲಿತ ಹಂತದಲ್ಲಿ. ಈಗ ಹುಡುಕಾಟ ಆಕೆಯೊಬ್ಬಳದಾಗಿ ಉಳಿಯಲಿಲ್ಲ. ಅದೇ ದಾನಿಯಿಂದ ಹುಟ್ಟಿದ ಅಣ್ಣತಮ್ಮ ಅಕ್ಕತಂಗಿಯರು ಎಲ್ಲೋ ಇದ್ದರು. ರೋಗ ರಕ್ತದಲ್ಲಿ ಬಂದದ್ದಾದರೆ ಅವರಿಗೂ ಎಚ್ಚರಿಕೆ ಹೋಗಬೇಕಿತ್ತು. 2013ರಲ್ಲಿ, ಸರ್ಕಾರದವರೇ ಮಧ್ಯೆ ಬಂದ ಮೇಲೆ, ದಾನಿ ಸಿಕ್ಕ. ಇಬ್ಬರೂ ಭೇಟಿಯಾದರು. ಕೆಲವೇ ವಾರಗಳಲ್ಲಿ ಆಕೆ ತೀರಿಕೊಂಡಳು. ಆಗ ಆಕೆಗೆ 30 ವರ್ಷ.

ವಿಕ್ಟೋರಿಯದಲ್ಲಿ ಅದುವರೆಗೆ ದಾನಿಯ ಮಕ್ಕಳು ಮೂರು ಪಂಗಡವಾಗಿದ್ದರು. 1988ರ ಜುಲೈಗೆ ಮೊದಲು ಕೊಟ್ಟ ವೀರ್ಯದಿಂದ ಹುಟ್ಟಿದವರಿಗೆ ಹೆಸರು ಕೇಳುವ ಹಕ್ಕೇ ಇಲ್ಲ. ಅಲ್ಲಿಂದ 1997ರವರೆಗಿನವರಿಗೆ ದಾನಿ ಒಪ್ಪಿದರೆ ಉಂಟು. 1998ರಿಂದ ಈಚಿನವರಿಗೆ 18 ತುಂಬಿದ ಮೇಲೆ ಪೂರ್ತಿ ಹಕ್ಕು. ಒಂದೇ ಮನೆಯ ಅಕ್ಕನಿಗೆ ಇಲ್ಲದ್ದು ತಂಗಿಗೆ ಇರಬಹುದಿತ್ತು. 2016ರಲ್ಲಿ ಅಂಗೀಕಾರವಾಗಿ 2017ರ ಮಾರ್ಚ್ 1ರಂದು ಜಾರಿಗೆ ಬಂದ ನರೆಲ್ ಕಾನೂನು ಈ ಗೆರೆಗಳನ್ನು ಅಳಿಸಿತು. ಹಿಂದೆ ಯಾವಾಗ ವೀರ್ಯ ಕೊಟ್ಟಿದ್ದರೂ ಸರಿ, ದಾನಿಯ ಹೆಸರು ಮಗುವಿಗೆ ಸಿಗಬೇಕು. ಭೇಟಿ, ಪತ್ರ, ಫೋನು ಬೇಡವೆನ್ನುವ ಹಕ್ಕು ದಾನಿಗೆ ಉಳಿಯಿತು. ಹೆಸರು ಬಚ್ಚಿಡುವ ಹಕ್ಕು ಹೋಯಿತು.

ಹೀಗೆ ಹಿಂದಿನ ಮಾತನ್ನು ಮುರಿಯುವುದು ನ್ಯಾಯವೇ? ಇಪ್ಪತ್ತರ ಹರೆಯದಲ್ಲಿ, ನಿನ್ನ ಹೆಸರು ಎಂದೂ ಹೊರಬರುವುದಿಲ್ಲ ಎಂಬ ಭರವಸೆಯ ಮೇಲೆ ವೀರ್ಯ ಕೊಟ್ಟ ಗಂಡಸಿಗೆ ಈಗ ಅರವತ್ತು. ಹೆಂಡತಿಗೆ ಗೊತ್ತಿಲ್ಲ, ಮಕ್ಕಳಿಗೆ ಗೊತ್ತಿಲ್ಲ. ಆತನಿಗೆ ಕೊಟ್ಟ ಮಾತು ಮಾತಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉತ್ತರ ಹುಡುಕಲು, ಆ ಮಾತನ್ನು ಕೊಟ್ಟವರು ಯಾರು, ಪಡೆದವರು ಯಾರು, ಅದು ಯಾರ ವಿಷಯದಲ್ಲಿ ಎಂದು ಮೊದಲು ನೋಡಬೇಕು.

ಋಷಿಮೂಲ, ನದಿಮೂಲ ಕೇಳಬಾರದು ಎಂಬ ಮಾತು ಕನ್ನಡದ ಮನೆಮನೆಯಲ್ಲಿದೆ. ಅದರಲ್ಲಿ ಒಂದು ಔದಾರ್ಯವಿದೆ: ದೊಡ್ಡವರಾದವರನ್ನು ಹುಟ್ಟಿನಿಂದ ಅಳೆಯಬೇಡಿ ಎಂಬ ತಿಳಿವಳಿಕೆ. ಆದರೆ ಅದು ಹೊರಗಿನವರಿಗೆ ಹೇಳಿದ ಮಾತು. ಪಕ್ಕದ ಮನೆಯವರು ಕೇಳಬಾರದು, ಊರು ಕೇಳಬಾರದು. ಋಷಿಯೇ ತನ್ನ ಮೂಲ ಕೇಳಿದರೆ ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ.

ದಾನಿಯ ವೀರ್ಯದಿಂದ ವೈದ್ಯರು ಮಾಡಿಸಿದ ಗರ್ಭಧಾರಣೆಗಳಲ್ಲಿ ದಾಖಲೆಗೆ ಸಿಕ್ಕ ಮೊದಲನೆಯದು 1884ರದು, ಅಮೆರಿಕದ ಫಿಲಡೆಲ್ಫಿಯದ್ದು. ವ್ಯಾಪಾರಿಯೊಬ್ಬನಿಗೂ ಅವನ ಹೆಂಡತಿಗೂ ಮಕ್ಕಳಾಗಿರಲಿಲ್ಲ. ದೋಷ ಗಂಡನಲ್ಲಿದೆ ಎಂದು ಜೆಫರ್ಸನ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ವಿಲಿಯಂ ಪ್ಯಾಂಕೋಸ್ಟ್ ಕಂಡುಕೊಂಡ. ಪರೀಕ್ಷೆಯ ನೆಪದಲ್ಲಿ ಹೆಂಡತಿಗೆ ಕ್ಲೋರೋಫಾರ್ಮ್ ಕೊಟ್ಟು ಪ್ರಜ್ಞೆ ತಪ್ಪಿಸಿ, ತನ್ನ ವಿದ್ಯಾರ್ಥಿಯೊಬ್ಬನ ವೀರ್ಯವನ್ನು ಗರ್ಭಕ್ಕೆ ಸೇರಿಸಿದ. ಗಂಡು ಮಗು ಹುಟ್ಟಿತು. ಗಂಡನಿಗೆ ಮಾತ್ರ ವಿಷಯ ತಿಳಿಸಲಾಯಿತು. ಹೆಂಡತಿಗೆ ಹೇಳಬೇಡಿ ಎಂದು ಆತ ಕೇಳಿಕೊಂಡ, ಯಾರೂ ಹೇಳಲಿಲ್ಲ. ಆ ದಿನ ಅಲ್ಲಿದ್ದ ವಿದ್ಯಾರ್ಥಿಗಳಲ್ಲೊಬ್ಬನಾದ ಅಡಿಸನ್ ಡೇವಿಸ್ ಹಾರ್ಡ್, 25 ವರ್ಷಗಳ ನಂತರ, 1909ರಲ್ಲಿ, ವೈದ್ಯಕೀಯ ಪತ್ರಿಕೆಯೊಂದಕ್ಕೆ ಇದನ್ನು ಬರೆದ. ಆ ಮಗ ಈಗ ನ್ಯೂಯಾರ್ಕಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದಾನೆ, ಅವನ ಕೈ ಕುಲುಕಿ ಬಂದೆ ಎಂದೂ ಸೇರಿಸಿದ. ಎದುರಿಗೆ ನಿಂತವನ ಹುಟ್ಟಿನ ಕಥೆ ಅವನಿಗಿಂತ ಹೆಚ್ಚು ತನಗೇ ಗೊತ್ತಿದೆ ಎಂಬುದು ಕೈ ಕುಲುಕಿದವನಿಗೆ ತಿಳಿದಿತ್ತು.

ಗುಟ್ಟು ಹುಟ್ಟಿದ್ದು ಹೀಗೆ. ಗಂಡನ ಮಾನ ಉಳಿಯಬೇಕು, ವೈದ್ಯನಿಗೆ ತೊಂದರೆ ಬರಬಾರದು. ಮುಂದೆ ಅದೇ ಪದ್ಧತಿಯಾಯಿತು. ಕೆಲವು ವೈದ್ಯರು ಗಂಡನ ವೀರ್ಯವನ್ನು ದಾನಿಯ ವೀರ್ಯದ ಜೊತೆ ಬೆರೆಸುತ್ತಿದ್ದರು. ಮಗು ಗಂಡನದೇ ಇರಬಹುದೇನೋ ಎಂಬ ಎಳೆಯಷ್ಟು ಅನುಮಾನ ಉಳಿಯಲಿ ಎಂಬುದಷ್ಟೇ ಅದರ ಉದ್ದೇಶ. ದಾಖಲೆಗಳನ್ನು ಸುಟ್ಟವರಿದ್ದಾರೆ, ಇಡದೆಯೇ ಹೋದವರೂ ಇದ್ದಾರೆ. ಇಷ್ಟೆಲ್ಲ ಜಾಗ್ರತೆಯ ನಡುವೆ, ಹುಟ್ಟಲಿರುವ ಮಗುವಿಗೆ ಏನು ಬೇಕಾಗಬಹುದೆಂದು ಯಾರೂ ಕೇಳಲಿಲ್ಲ.

ಧರ್ಮಗುರುಗಳು ಈ ಪದ್ಧತಿಯನ್ನು ನೋಡಿದ್ದು ಬೇರೆ ಕಣ್ಣಿನಿಂದ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜೆಫ್ರಿ ಫಿಶರ್ ನೇಮಿಸಿದ ಆಯೋಗ ಇದನ್ನು ಅಪರಾಧವೆಂದೇ ಸಾರಬೇಕೆಂದು 1948ರಲ್ಲಿ ಹೇಳಿತು. 1987ರಲ್ಲಿ ವ್ಯಾಟಿಕನ್ ಹೊರಡಿಸಿದ ಡೋನಮ್ ವಿಟೇ ಎಂಬ ಬೋಧನೆ ದಾನಿಯ ವೀರ್ಯವನ್ನು ತಿರಸ್ಕರಿಸಿತು. ಅದರ ಕಾರಣಗಳಲ್ಲಿ ಒಂದು ಇಲ್ಲಿ ಮುಖ್ಯ: ಮಗುವಿಗೂ ಅದರ ಹುಟ್ಟಿನ ಮೂಲಕ್ಕೂ ಇರಬೇಕಾದ ನಂಟನ್ನು ಇದು ಕಡಿಯುತ್ತದೆ. ಯಹೂದಿ ಧರ್ಮಶಾಸ್ತ್ರದ ದೊಡ್ಡ ಪಂಡಿತ ಮೋಶೆ ಫೈನ್‌ಸ್ಟೀನ್ ನ್ಯೂಯಾರ್ಕಿನಲ್ಲಿ ಕುಳಿತು 1959ರಲ್ಲಿ ಕೊಟ್ಟ ಅಭಿಪ್ರಾಯ ಇನ್ನೊಂದು ದಿಕ್ಕಿನದು. ಮಕ್ಕಳಿಲ್ಲದ ಸಂಕಟ ತೀರಾ ಹೆಚ್ಚಾದಾಗ ಒಪ್ಪಬಹುದು, ದಾನಿ ಮಾತ್ರ ಯಹೂದಿಯಾಗಿರಬಾರದು ಎಂದರು. ಯಾರ ಮಗನೆಂದು ತಿಳಿಯದೆ ಬೆಳೆದವನು ಮುಂದೊಂದು ದಿನ ತನ್ನ ತಂಗಿಯನ್ನೇ ಮದುವೆಯಾಗಿಬಿಟ್ಟರೆ ಎಂಬ ಭಯ ಅದರ ಹಿಂದಿತ್ತು. ಗೋತ್ರ ನೋಡಿ ಹೆಣ್ಣು ತರುವ ನಮ್ಮ ಕಡೆಯ ಹಿರಿಯರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಸ್ಲಾಮಿನಲ್ಲಿ ವಂಶದ ಎಳೆ, ಅಂದರೆ ನಸಬ್, ಬಹಳ ದೊಡ್ಡ ವಿಷಯ. 1980ರ ಈಜಿಪ್ಟಿನ ಫತ್ವಾ ಗಂಡಹೆಂಡಿರ ನಡುವಿನ ಚಿಕಿತ್ಸೆಗೆ ಒಪ್ಪಿ, ಮೂರನೆಯವರ ವೀರ್ಯವನ್ನು ನಿಷೇಧಿಸಿತು. ಸುನ್ನಿ ಜಗತ್ತು ಬಹುಮಟ್ಟಿಗೆ ಅಲ್ಲೇ ನಿಂತಿದೆ. ಇರಾನಿನ ಆಯತೊಲ್ಲಾ ಖಮೇನಿ 1999ರಲ್ಲಿ ದಾನಕ್ಕೆ ಅನುಮತಿ ಕೊಟ್ಟರು. ಆದರೆ ಕುರಾನಿನ ಅಲ್ ಅಹ್‌ಝಾಬ್ ಅಧ್ಯಾಯ ದತ್ತುಮಕ್ಕಳ ಬಗ್ಗೆ ಹೇಳುವುದನ್ನು ಎರಡು ಪಕ್ಷದವರೂ ಓದುತ್ತಾರೆ: ಅವರನ್ನು ಅವರ ತಂದೆಯರ ಹೆಸರಿನಿಂದಲೇ ಕರೆಯಿರಿ, ತಂದೆ ಯಾರೆಂದು ಗೊತ್ತಿಲ್ಲದಿದ್ದರೆ ಅವರು ನಿಮ್ಮ ಧರ್ಮದ ಸಹೋದರರು. ಗೊತ್ತಿಲ್ಲದಿರುವುದರಿಂದ ಯಾರೂ ಕೀಳಾಗುವುದಿಲ್ಲ. ಗೊತ್ತಿದ್ದೂ ಹೆಸರು ಬದಲಿಸುವುದಕ್ಕೆ ಮಾತ್ರ ಅಲ್ಲಿ ಒಪ್ಪಿಗೆಯಿಲ್ಲ.

ಹಿಂದೂ ಧರ್ಮಶಾಸ್ತ್ರದಲ್ಲಿ ಈ ಚರ್ಚೆ ಬೀಜ ಮತ್ತು ಕ್ಷೇತ್ರದ ಜಗಳವಾಗಿ ನಡೆದಿದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಇದಕ್ಕೆ ಹಲವು ಶ್ಲೋಕಗಳನ್ನು ಕೊಡುತ್ತದೆ. ಒಬ್ಬನ ಹೋರಿಯಿಂದ ಇನ್ನೊಬ್ಬನ ಹಸು ಕರು ಹಾಕಿದರೆ ಕರು ಹಸುವಿನ ಒಡೆಯನದು. ಗಾಳಿಗೋ ನೆರೆಗೋ ಸಿಕ್ಕ ಬೀಜ ಪಕ್ಕದ ಹೊಲದಲ್ಲಿ ಮೊಳೆತರೆ ಬೆಳೆ ಆ ಹೊಲದವನದು. ಮನೆಯಲ್ಲಿ ಗುಟ್ಟಾಗಿ ಹುಟ್ಟಿ ತಂದೆ ಯಾರೆಂದು ತಿಳಿಯದ ಮಗನಿಗೆ ಗೂಢೋತ್ಪನ್ನ ಎಂದು ಹೆಸರಿಟ್ಟು, ಅವನನ್ನೂ ಆ ಮನೆಯ ಗಂಡನಿಗೇ ಸೇರಿಸುತ್ತದೆ. ಇವತ್ತಿನ ಕಾನೂನುಗಳೂ ಇದನ್ನೇ ಹೇಳುತ್ತವೆ: ದಾನಿಗೆ ಯಾವ ಹಕ್ಕೂ ಇಲ್ಲ, ಹೊಣೆಯೂ ಇಲ್ಲ, ಮಗು ದಂಪತಿಯದು. ಇದು ಸರಿಯಾದ ತೀರ್ಪು. ಹಾಲೂಡಿ, ಜ್ವರ ಬಂದ ರಾತ್ರಿ ನಿದ್ದೆಗೆಟ್ಟು, ಶಾಲೆಗೆ ಕೈಹಿಡಿದು ನಡೆಸಿದವರೇ ತಂದೆತಾಯಿ.

ಆದರೆ ಈ ಶ್ಲೋಕಗಳೆಲ್ಲ ಕೇಳುವ ಪ್ರಶ್ನೆ ಒಂದೇ: ಮಗು ಯಾರದು? ಅದು ಒಡೆತನದ ಪ್ರಶ್ನೆ, ದೊಡ್ಡವರ ಪ್ರಶ್ನೆ. ನಾನು ಎಲ್ಲಿಂದ ಬಂದೆ ಎಂದು ಮಗು ಕೇಳುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರದಿಂದ ಎರಡನೆಯದರ ಬಾಯಿ ಮುಚ್ಚಿಸಲು ಹೊರಟದ್ದರಿಂದಲೇ ಈ ವಿವಾದ ಇಷ್ಟು ಗೋಜಲಾಗಿದೆ.

ಎರಡನ್ನೂ ಒಟ್ಟಿಗೆ ಹಿಡಿಯಲು ಸಾಧ್ಯವೆಂದು ತೋರಿಸಿದ ಗ್ರಂಥ ಕರ್ನಾಟಕದ್ದೇ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಆ ಸ್ಮೃತಿಯ ಪ್ರಕಾರ, ಮಗನಿಲ್ಲದವನೊಬ್ಬ ಮತ್ತೊಬ್ಬನ ಪತ್ನಿಯಲ್ಲಿ ನಿಯೋಗದಿಂದ ಪಡೆದ ಮಗ ಇಬ್ಬರಿಗೂ ವಾರಸುದಾರ, ಇಬ್ಬರಿಗೂ ಪಿಂಡ ಇಡುವವನು. ಎರಡು ಹೆಸರು ಹೇಳಿ ಎಳ್ಳುನೀರು ಬಿಡಬೇಕಾದವನಿಗೆ ಎರಡು ಹೆಸರೂ ಗೊತ್ತಿರಲೇಬೇಕಲ್ಲ. ನಿಯೋಗ ಕಲಿಯುಗಕ್ಕೆ ಸಲ್ಲದೆಂದು ಶಾಸ್ತ್ರಕಾರರು ಮುಂದೆ ಕೈಬಿಟ್ಟರು, ಮನುವೇ ಒಂದೆಡೆ ಹೇಳಿ ಇನ್ನೊಂದೆಡೆ ಖಂಡಿಸಿದ್ದಾನೆ, ಹೆಣ್ಣಿನ ಮನಸ್ಸನ್ನು ಆ ಪದ್ಧತಿ ಎಷ್ಟು ಕಡೆಗಣಿಸಿತ್ತು ಎಂಬುದೂ ನಿಜ. ಆದರೂ ಅದು ಅನಾಮಿಕವಾಗಿರಲಿಲ್ಲ.

ಮಹಾಭಾರತವನ್ನು ಈ ಬೆಳಕಿನಲ್ಲಿ ಓದಿದರೆ ಮೈ ಜುಮ್ಮೆನ್ನುತ್ತದೆ. ಧೃತರಾಷ್ಟ್ರ, ಪಾಂಡು ಇಬ್ಬರೂ ವ್ಯಾಸನಿಂದ ಹುಟ್ಟಿದವರು. ಅದು ಹಸ್ತಿನಾವತಿಗೆ ಗೊತ್ತು, ಅವರಿಗೂ ಗೊತ್ತು. ಹಾಗೆಂದು ಅವರು ವಿಚಿತ್ರವೀರ್ಯನ ಮಕ್ಕಳಲ್ಲದೆ ಹೋಗಲಿಲ್ಲ, ಕುರುವಂಶ ಮುರಿಯಲಿಲ್ಲ. ತಿಳಿದದ್ದರಿಂದ ತಂದೆತನಕ್ಕೆ ಕುಂದು ಬರಲಿಲ್ಲ. ಮರೆಮಾಚಿದ್ದು ಒಂದೇ ಒಂದು ಕಡೆ: ಬರುವವನು ಯಾರೆಂದು ಸತ್ಯವತಿ ಅಂಬಿಕೆಗೆ ಬಿಡಿಸಿ ಹೇಳಲಿಲ್ಲ. ಭೀಷ್ಮನನ್ನೋ ಬೇರೆ ಕುರುವೀರರನ್ನೋ ನೆನೆಯುತ್ತ ಮಲಗಿದ್ದವಳು ಒಳಬಂದ ತಪಸ್ವಿಯ ರೂಪ ಕಂಡು ಕಣ್ಣು ಮುಚ್ಚಿದಳು. ಮುಂದಿನದು ಗೊತ್ತೇ ಇದೆ.

ಕರ್ಣನದು ಇದರ ವಿರುದ್ಧ ದಿಕ್ಕು. ಇಲ್ಲಿ ಗುಟ್ಟೇ ಎಲ್ಲ. ಯುದ್ಧಕ್ಕೆ ಮೊದಲು ಕೃಷ್ಣ ಹೇಳುವವರೆಗೂ, ಕುಂತಿ ಬಂದು ನಿಲ್ಲುವವರೆಗೂ ಆ ಗುಟ್ಟು ಅವನನ್ನು ಸುಡುತ್ತದೆ. ಜನ ಹೆಚ್ಚು ನೆನೆಯದ ಇನ್ನೊಂದು ಗಳಿಗೆ ಯುದ್ಧ ಮುಗಿದ ಮೇಲೆ ಬರುತ್ತದೆ. ಗಂಗೆಯ ದಡದಲ್ಲಿ ಸತ್ತವರಿಗೆ ತರ್ಪಣ ಬಿಡುವ ಹೊತ್ತು. ಕರ್ಣನಿಗೂ ಬಿಡಿ, ಅವನು ನಿಮ್ಮ ಹಿರಿಯಣ್ಣ ಎನ್ನುತ್ತಾಳೆ ಕುಂತಿ. ಧರ್ಮರಾಯ ಕುಸಿದುಹೋಗುತ್ತಾನೆ. ಮೊದಲೇ ತಿಳಿದಿದ್ದರೆ ಈ ಕೊಲೆ ನಡೆಯುತ್ತಿರಲಿಲ್ಲ ಎಂಬುದು ಅವನ ಅಳಲು. ಗುಟ್ಟು ಕೊರೆಯುವುದು ಅದನ್ನು ಹೊತ್ತು ಹುಟ್ಟಿದವನೊಬ್ಬನನ್ನೇ ಅಲ್ಲ. ನರೆಲ್ ಗ್ರೆಕ್ ಎಚ್ಚರಿಸಲು ಹಂಬಲಿಸಿದ್ದು ಇಂಥ ಒಡಹುಟ್ಟಿದವರನ್ನೇ.

ಇಷ್ಟಾದರೂ, ಮೂಲ ತಿಳಿಯದವನ ಬಾಳು ಅಪೂರ್ಣ ಎಂದು ಸಾರುವುದು ತಪ್ಪಾಗುತ್ತದೆ. ಅದಕ್ಕೆ ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನೇ ಸಾಕ್ಷಿ. ಗುರುಕುಲಕ್ಕೆ ಹೊರಟ ಹುಡುಗ ತನ್ನ ಗೋತ್ರ ಯಾವುದೆಂದು ತಾಯಿಯನ್ನು ಕೇಳುತ್ತಾನೆ. ಹರೆಯದಲ್ಲಿ ಹಲವು ಕಡೆ ದುಡಿಯುತ್ತ ನಿನ್ನನ್ನು ಪಡೆದೆ, ನಿನ್ನ ಗೋತ್ರ ನನಗೆ ತಿಳಿಯದು, ನಾನು ಜಬಾಲೆ, ನೀನು ಸತ್ಯಕಾಮ ಜಾಬಾಲ ಎನ್ನುತ್ತಾಳೆ ಅವಳು. ಹುಡುಗ ಇದನ್ನೇ ಗೌತಮನ ಮುಂದೆ ಹೇಳುತ್ತಾನೆ, ಗುರು ಅವನನ್ನು ಶಿಷ್ಯನಾಗಿ ಸ್ವೀಕರಿಸುತ್ತಾನೆ. ಸತ್ಯಕಾಮನಿಗೆ ತಂದೆಯ ಹೆಸರು ಸಿಗಲಿಲ್ಲ. ಆದರೆ ತಾಯಿಗೆ ತಿಳಿದಷ್ಟೂ ಸಿಕ್ಕಿತು. ಜಬಾಲೆಗೆ ಗೊತ್ತಿರಲಿಲ್ಲ. ನರೆಲ್ ಕೇಳಿದ ಹೆಸರು ವಿಕ್ಟೋರಿಯದ ಕಡತದಲ್ಲಿ ಬರೆದಿತ್ತು. ಈ ಎರಡರ ನಡುವಿನ ಅಂತರದಲ್ಲೇ ಅನಾಮಿಕತೆಯ ತಪ್ಪು ಅಡಗಿದೆ.

ಕನ್ನಡದಲ್ಲಿ ಇದನ್ನು ಆಳವಾಗಿ ಕೆದಕಿದ ಕಾದಂಬರಿ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'. ಅದು ಬಂದದ್ದು 1965ರಲ್ಲಿ, ವೀರ್ಯ ಬ್ಯಾಂಕ್ ಎಂಬ ಮಾತೇ ನಮ್ಮಲ್ಲಿ ಕೇಳದಿದ್ದ ಕಾಲದಲ್ಲಿ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ವಂಶದ ಶುದ್ಧಿಯನ್ನೇ ಬಾಳಿನ ಆಧಾರವಾಗಿ ನಂಬಿದವರು, ಅದಕ್ಕಾಗಿ ವಿಧವೆ ಸೊಸೆಯ ಮರುಮದುವೆಯನ್ನೂ ಒಪ್ಪದವರು. ತಾವೇ ಆ ವಂಶದ ರಕ್ತದವರಲ್ಲ ಎಂಬುದು ಇಳಿವಯಸ್ಸಿನಲ್ಲಿ ಅವರಿಗೆ ತಿಳಿಯುತ್ತದೆ. ಅವರನ್ನು ಕಂಗೆಡಿಸುವುದು ರಕ್ತ ಬೇರೆಯಾದದ್ದಷ್ಟೇ ಅಲ್ಲ, ಇಡೀ ಬಾಳನ್ನು ಸುಳ್ಳಿನ ಮೇಲೆ ಕಟ್ಟಿದೆನೇ ಎಂಬ ಅರಿವು. ದಾನಿಯ ಮಕ್ಕಳಲ್ಲಿ ನಡುವಯಸ್ಸಿನಲ್ಲಿ ಸತ್ಯ ತಿಳಿದವರು ಹೇಳಿಕೊಳ್ಳುವ ನೋವೂ ಇದೇ. ಅಮೆರಿಕದ ಲೇಖಕಿ ಡ್ಯಾನಿ ಶಪೀರೊ ಸಂಪ್ರದಾಯಸ್ಥ ಯಹೂದಿ ಮನೆಯಲ್ಲಿ, ತಂದೆಯ ಪೂರ್ವಜರ ಹೆಮ್ಮೆಯಲ್ಲಿ ಬೆಳೆದವರು. ಐವತ್ತು ದಾಟಿದ ಮೇಲೆ ಡಿಎನ್‌ಎ ಪರೀಕ್ಷೆಯೊಂದು ಆ ತಂದೆ ತನ್ನ ರಕ್ತದವರಲ್ಲವೆಂದು ಹೇಳಿತು. 2019ರಲ್ಲಿ ಬಂದ ಅವರ 'ಇನ್ಹೆರಿಟೆನ್ಸ್' ಈ ಆಘಾತದ ಪುಸ್ತಕ.

ರಕ್ತಕ್ಕೆ ಇಷ್ಟು ಬೆಲೆ ಕೊಡುವುದೇ ಅಪಾಯ ಎನ್ನುವವರಿದ್ದಾರೆ, ಅವರ ಮಾತಿಗೂ ತೂಕವಿದೆ. ತತ್ವಶಾಸ್ತ್ರಜ್ಞ ಡೇವಿಡ್ ವೆಲ್ಲೆಮನ್ 2005ರಲ್ಲಿ, ತನ್ನನ್ನು ತಾನು ಅರಿಯಲು ರಕ್ತಸಂಬಂಧಿಕರ ಪರಿಚಯ ಬೇಕೇಬೇಕು, ಅದನ್ನು ತಿಳಿದೂ ತಿಳಿದೂ ಮಗುವಿಗೆ ತಪ್ಪಿಸುವುದು ಅನ್ಯಾಯ ಎಂದು ವಾದಿಸಿದರು. ಮಕ್ಕಳನ್ನು ದತ್ತು ಪಡೆದ ತಾಯಿಯೂ ಆದ ಸ್ಯಾಲಿ ಹ್ಯಾಸ್ಲಾಂಗರ್ ಅದನ್ನು ಒಪ್ಪಲಿಲ್ಲ. ಮನುಷ್ಯ ತನ್ನನ್ನು ಕಟ್ಟಿಕೊಳ್ಳಲು ಹಲವು ದಾರಿಗಳಿವೆ, ಒಂದೇ ಬಗೆಯ ಸಂಸಾರವನ್ನು ಸಹಜವೆಂದು ಕೂರಿಸಿದರೆ ಉಳಿದ ಸಂಸಾರಗಳ ಮಕ್ಕಳಿಗೆ ಕೊರತೆಯ ಹಣೆಪಟ್ಟಿ ಅಂಟುತ್ತದೆ ಎಂದರು. ಹುಟ್ಟಿನ ಹೆಸರಿನಲ್ಲಿ ಇಷ್ಟು ಕ್ರೌರ್ಯ ನಡೆದಿರುವ ನಮ್ಮ ನಾಡಿನಲ್ಲಂತೂ ಈ ಎಚ್ಚರ ಬೇಕು. ಆದರೆ ಮಾಹಿತಿ ಬೇಡದವರಿಗೆ ಅದನ್ನು ಯಾರೂ ತುರುಕುವುದಿಲ್ಲ. ಕಡತ ತೆರೆಯಬೇಕೋ ಬೇಡವೋ ಎಂಬ ತೀರ್ಮಾನ ಅದರಲ್ಲಿ ಯಾರ ಹುಟ್ಟಿನ ಕಥೆ ಇದೆಯೋ ಅವರದಾಗಿರಬೇಕು.

ದಾನಿಗೆ ಕೊಟ್ಟ ಮಾತಿನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಆ ಒಪ್ಪಂದ ನಡೆದದ್ದು ದೊಡ್ಡವರ ನಡುವೆ. ಅದರಿಂದ ನಷ್ಟವಾಗುವವನು ಆಗಿನ್ನೂ ಹುಟ್ಟಿರಲಿಲ್ಲ, ಒಪ್ಪಿರಲೂ ಇಲ್ಲ. ಮೂರನೆಯವರ ಪಾಲನ್ನು ಇಬ್ಬರು ಸೇರಿ ಬರೆದುಕೊಡಲು ಬರುವುದಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹಾಗೆ ತೀರ್ಪು ಕೊಟ್ಟಿಲ್ಲ ಎಂಬುದನ್ನೂ ಹೇಳಬೇಕು. ಫ್ರಾನ್ಸಿನ ಇಬ್ಬರು ಹೂಡಿದ ಮೊಕದ್ದಮೆಯಲ್ಲಿ, 2023ರ ಸೆಪ್ಟೆಂಬರ್ 7ರಂದು, ನಾಲ್ವರು ನ್ಯಾಯಾಧೀಶರು ಹಳೆಯ ಅನಾಮಿಕತೆಯಿಂದ ಹಕ್ಕು ಮುರಿದಿಲ್ಲವೆಂದರೆ ಮೂವರು ಮುರಿದಿದೆ ಎಂದರು. ಅಷ್ಟು ಕೂದಲೆಳೆಯ ಅಂತರ. ಅಷ್ಟರಲ್ಲಿ ಫ್ರಾನ್ಸೇ ದಾರಿ ಬದಲಿಸಿತ್ತು: 2022ರ ಸೆಪ್ಟೆಂಬರ್‌ನಿಂದ ಅಲ್ಲಿನ ದಾನಿಗಳೆಲ್ಲ ತಮ್ಮ ಗುರುತು ಮಗುವಿಗೆ ಮುಂದೆ ತಿಳಿಯುವುದಕ್ಕೆ ಒಪ್ಪಿ ಸಹಿ ಹಾಕಬೇಕು. ಸ್ವೀಡನ್ 1985ರಲ್ಲೇ ಈ ಹಾದಿ ಹಿಡಿದಿತ್ತು. ಬ್ರಿಟನ್ 2005ರ ಏಪ್ರಿಲ್ 1ರಂದು ಅನಾಮಿಕತೆಯನ್ನು ಕೈಬಿಟ್ಟಿತು. ದಾನಿಗಳೇ ಸಿಗುವುದಿಲ್ಲ ಎಂಬ ಆತಂಕ ಅಲ್ಲಿ ಜೋರಾಗಿತ್ತು. ವಿದೇಶದಿಂದ ತರಿಸುವುದು ಹೆಚ್ಚಿತು, ಆದರೆ ದಾನ ನಿಂತುಹೋಗಲಿಲ್ಲ.

ಇನ್ನು ಗುಟ್ಟು ಕಾಪಾಡುತ್ತೇವೆಂದು ಯಾವ ವೈದ್ಯರೂ ಪ್ರಾಮಾಣಿಕವಾಗಿ ಹೇಳುವಂತಿಲ್ಲ. 2005ರಲ್ಲಿ ಅಮೆರಿಕದ 15 ವರ್ಷದ ಹುಡುಗನೊಬ್ಬ ಕೆನ್ನೆಯ ಒಳಭಾಗ ಒರೆಸಿದ ಹತ್ತಿಯನ್ನು ವಂಶಾವಳಿ ಕಂಪನಿಯೊಂದಕ್ಕೆ ಕಳಿಸಿ, ಸಿಕ್ಕ ಮನೆತನದ ಹೆಸರನ್ನು ದಾನಿಯ ಹುಟ್ಟಿದ ದಿನ ಮತ್ತು ಊರಿನ ಜೊತೆ ಹೊಂದಿಸಿ, ದಾನಿಯನ್ನು ಕಂಡುಹಿಡಿದ. ದಾನಿ ಎಂದೂ ತನ್ನ ಡಿಎನ್‌ಎ ಕೊಟ್ಟಿರಲಿಲ್ಲ. ಅಪಾಯದ ಇನ್ನೊಂದು ಮುಖ 2025ರ ಮೇ ತಿಂಗಳಲ್ಲಿ ಕಾಣಿಸಿತು. ಡೆನ್ಮಾರ್ಕಿನ ಬ್ಯಾಂಕ್ ಒಂದರ ಮೂಲಕ ಯುರೋಪಿನ ಹಲವು ದೇಶಗಳಿಗೆ ಹೋದ ಒಬ್ಬನೇ ದಾನಿಯ ವೀರ್ಯದಲ್ಲಿ, ಕ್ಯಾನ್ಸರ್ ತಡೆಯುವ ಟಿಪಿ53 ಎಂಬ ಜೀನ್‌ನ ದೋಷವಿತ್ತು. ದಾನಿ ಆರೋಗ್ಯವಂತ, ಆತನಿಗೆ ಏನೂ ತಿಳಿದಿರಲಿಲ್ಲ. ಆಗ ಲೆಕ್ಕಕ್ಕೆ ಸಿಕ್ಕ 67 ಮಕ್ಕಳಲ್ಲಿ 10 ಮಕ್ಕಳಿಗೆ ಕ್ಯಾನ್ಸರ್ ಬಂದಿತ್ತು. ಉಳಿದ ಮಕ್ಕಳನ್ನು ಹುಡುಕಿ ತಿಳಿಸಬೇಕಾದರೆ ಯಾರು ಯಾರ ಒಡಹುಟ್ಟಿದವರು ಎಂಬುದಕ್ಕೆ ಎಲ್ಲೋ ಒಂದು ಕಡೆ ಲೆಕ್ಕ ಇರಲೇಬೇಕು.

ಭಾರತ ಲೆಕ್ಕ ಇಡಲು ಶುರುಮಾಡಿದೆ. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 2022ರ ಜನವರಿ 25ರಂದು ಜಾರಿಗೆ ಬಂತು. ವೀರ್ಯ ಕೊಡುವವನ ವಯಸ್ಸು 21ರಿಂದ 55ರೊಳಗಿರಬೇಕು, ಒಬ್ಬನ ವೀರ್ಯ ಒಂದಕ್ಕಿಂತ ಹೆಚ್ಚು ದಂಪತಿಗೆ ಹೋಗಬಾರದು. ನೂರಾರು ಒಡಹುಟ್ಟಿದವರ ಸಮಸ್ಯೆಯನ್ನು ಇದು ಬೇರಿನಲ್ಲೇ ತಡೆಯುತ್ತದೆ, ಜಗತ್ತಿನ ಅತಿ ಬಿಗಿಯಾದ ನಿಯಮಗಳಲ್ಲಿ ಇದೂ ಒಂದು. ಮಗುವಿಗೆ ದಾನಿಯ ಹೆಸರು ಎಂದಾದರೂ ಸಿಗುತ್ತದೆಯೇ ಎಂಬುದಕ್ಕೆ ಮಾತ್ರ ಕಾಯ್ದೆಯಲ್ಲಿ ಸ್ಪಷ್ಟ ಉತ್ತರವಿಲ್ಲ. ದತ್ತುಮಕ್ಕಳ ವಿಷಯದಲ್ಲಿ ಇದೇ ದೇಶ ಉತ್ತರ ಕೊಟ್ಟಿದೆ. ಕೇಂದ್ರ ದತ್ತು ಪ್ರಾಧಿಕಾರದ ನಿಯಮಗಳ ಪ್ರಕಾರ, 18 ದಾಟಿದ ದತ್ತುಮಗು ತನ್ನ ಮೂಲ ಹುಡುಕಿಕೊಡಿ ಎಂದು ತಾನೇ ಅರ್ಜಿ ಹಾಕಬಹುದು. ಹೆತ್ತವರು ಒಪ್ಪದಿದ್ದರೆ ಅವರ ಗುರುತು ಸಿಗದಿರಬಹುದು. ಆದರೂ ಕೇಳಲು ಒಂದು ಬಾಗಿಲಿದೆ.

ದಾನಿಯ ಜಾತಿ ಯಾವುದು, ಮೈಬಣ್ಣ ಎಂಥದ್ದು, ಓದಿದ್ದೆಷ್ಟು ಎಂದು ವಿಚಾರಿಸುವ ದಂಪತಿಗಳ ಬಗ್ಗೆ ನಮ್ಮ ದೇಶದ ವೈದ್ಯರು ಪತ್ರಿಕೆಗಳಿಗೆ ಹೇಳಿದ್ದಿದೆ. ದೊಡ್ಡವರಿಗೆ ಮೂಲ ಅಷ್ಟು ಮುಖ್ಯವಾದರೆ, ಮಗುವಿಗೆ ಅದು ಮುಖ್ಯವಲ್ಲ ಎನ್ನುವುದು ಹೇಗೆ? ಮದುವೆಯಾಗದ ಹೆಣ್ಣುಮಕ್ಕಳಿಗೂ ಈ ಕಾಯ್ದೆ ದಾನಿಯ ವೀರ್ಯ ಪಡೆಯಲು ಅವಕಾಶ ಕೊಟ್ಟಿದೆ. ಅವರ ಮನೆಯಲ್ಲಂತೂ ಪ್ರಶ್ನೆ ತಪ್ಪುವುದಿಲ್ಲ. ಮಗು ಶಾಲೆಗೆ ಸೇರಿದ ವಾರವೇ ಕೇಳೀತು.

ಆಸ್ಪತ್ರೆ ಮತ್ತು ವೀರ್ಯ ಬ್ಯಾಂಕುಗಳು ದಾನಿಯ ದಾಖಲೆಗಳನ್ನು ಕನಿಷ್ಠ 10 ವರ್ಷ ಇಟ್ಟುಕೊಂಡು, ಆಮೇಲೆ ರಾಷ್ಟ್ರೀಯ ನೋಂದಣಿ ಕೇಂದ್ರಕ್ಕೆ ಒಪ್ಪಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದು ಜಾರಿಗೆ ಬಂದ ವರ್ಷ ಹುಟ್ಟಿದ ಮಗುವಿಗೆ 2040ರಲ್ಲಿ 18 ತುಂಬುತ್ತದೆ. ಅಷ್ಟು ಹೊತ್ತಿಗೆ ಕಡತ ಆ ಕೇಂದ್ರ ಸೇರಿರುತ್ತದೆ. ಅದರಲ್ಲಿ ದಾನಿಯ ಹೆಸರು, ವಿಳಾಸ, ಆಧಾರ್ ಸಂಖ್ಯೆ ಇರುತ್ತವೆ. ಅದನ್ನು ನೋಡಲು ಆ ಮಗು ಯಾರಿಗೆ ಅರ್ಜಿ ಬರೆಯಬೇಕು ಎಂಬ ಸಾಲನ್ನು ಕಾಯ್ದೆಗೆ ಇನ್ನೂ ಸೇರಿಸಬೇಕಾಗಿದೆ.